ಕೆಂಪು ಗೆರೆಯಾಚೆಯ ಅಗ್ಗದ ಎಮ್ಮೆ

ಕಾಡೆಮ್ಮೆ ಬೇಟೆಗೆ ಹೋಗುವವರಲ್ಲಿ ಎರಡು ಬಗೆ: ದುಡ್ಡಿದ್ದವರು ಮತ್ತು ಬುದ್ಧಿಯಿದ್ದವರು. ತಾನು ಎರಡನೆಯ ಬಗೆಯವನೆಂದು ಲೋರೆನ್ಸ್ ಒಂದು ಭಾನುವಾರ ಬೆಳಿಗ್ಗೆ ಕಾಫಿಯಲ್ಲಿ ರಸ್ಕ್ ಅದ್ದುತ್ತ ಘೋಷಿಸಿದ. ಘೋಷಣೆ ಮುಗಿಯುವ ಮೊದಲೇ ರಸ್ಕ್ ಮುರಿದು ಲೋಟದ ತಳ ಸೇರಿತು. ಬೇರೆಯವರಾಗಿದ್ದರೆ ಅಪಶಕುನ ಎಂದು ಸುಮ್ಮನಾಗುತ್ತಿದ್ದರು. ಲೋರೆನ್ಸ್ ಚಮಚ ಇಳಿಸಿ ಅದನ್ನು ಮೇಲೆತ್ತಿ ತಿಂದ.

"ಆಸ್ತಿ ಮಾರಿ ಬೇಟೆಯಾಡೋರು ದಡ್ಡರು, ಹಾನೆಲಿ! ಬಡವರ ಬೇಟೆ ಅಂದ್ರೆ ಏನು ಅಂತ ಈ ಊರಿಗೆ ನಾನು ತೋರಿಸ್ತೀನಿ!"

"ಹೋದ ವರ್ಷ ಬಡವರ ಈಜುಕೊಳ ತೋರಿಸ್ದೆ. ಅದರಲ್ಲಿ ಈಗ ಕುಂಬಳಕಾಯಿ ಬಿಟ್ಟಿದೆ," ಎಂದಳು ಹೆಂಡತಿ.

ಮರೂಲಕೊಪ್ ಎಂಬ ಆ ಸಣ್ಣ ಊರಿನಲ್ಲಿ ಲೋರೆನ್ಸ್ ಫ್ರಿಜ್ ರಿಪೇರಿಯವನು. ಲಿಂಪೊಪೊ ಸೀಮೆಯಲ್ಲಿ ಹುಟ್ಟಿ, ಐವತ್ತು ದಾಟಿದರೂ ಜಿಂಕೆ ಮತ್ತು ಕಾಡುಹಂದಿಯಾಚೆಗೆ ಅವನ ಗುಂಡು ಹೋಗಿರಲಿಲ್ಲ. ಊರ ಗಂಡಸರು ಮಾಂಸ ಸುಡುವ ಒಲೆಯ ಸುತ್ತ ಕೂತು ಕಾಡೆಮ್ಮೆಯ ಕಥೆ ತೆಗೆದಾಗಲೆಲ್ಲ ಅವನು ಎದ್ದು ಮಾಂಸ ತಿರುವಿ ಹಾಕುವ ಕೆಲಸಕ್ಕೆ ನಿಲ್ಲಬೇಕಿತ್ತು. ಅದು ಅವನಿಗೆ ನಿಜವಾಗಿಯೂ ನೋವು ಕೊಡುತ್ತಿತ್ತು.

ಯೋಜನೆ ಭರ್ಜರಿಯಾಗಿತ್ತು. ಅಗಲ ಕೊಂಬಿನ ಕೋಣ ಬೇಕೆಂದರೆ ಕಾರು ಮಾರಬೇಕು. ಮುದಿ ಎಮ್ಮೆಯಾದರೆ ಕಾಲು ಭಾಗದ ಬೆಲೆ. ಅದರಲ್ಲೂ ದುಡ್ಡು ಕೊಟ್ಟು ಬೇಟೆಯಾಡುವ ಪೂರ್ವದ ಒಂದು ಫಾರ್ಮಿನಲ್ಲಿ ಆ ಕಾಲು ಭಾಗದಲ್ಲೂ ಅರ್ಧ! ಜೊತೆಗೆ ಇಡೀ ಎಮ್ಮೆಯ ಮಾಂಸವೂ ಬೇಟೆಗಾರನದೇ!

"ಯಾಕೆ ಅಷ್ಟು ಅಗ್ಗ?"

"ಮುದಿ ಎಮ್ಮೆ. ಕರು ಹಾಕಲ್ಲ."

"ಮುದಿ ಎಮ್ಮೆ ಎಲ್ಲಾ ಕಡೇನೂ ಮುದೀನೇ. ಆ ಫಾರ್ಮಲ್ಲಿ ಮಾತ್ರ ಯಾಕೆ ಅರ್ಧ ಬೆಲೆ?"

"ಮಾಲೀಕಳಿಗೆ ವ್ಯಾಪಾರ ಗೊತ್ತಿಲ್ಲ ಅನ್ಸುತ್ತೆ! ನನಗೆ ಗೊತ್ತು!"

ಹಾನೆಲಿಯ ಈ ಪ್ರಶ್ನೆಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಲೋರೆನ್ಸ್ ಇಟ್ಟುಕೊಳ್ಳಲಿಲ್ಲ.

ತಾಲೀಮು ಅಡುಗೆಮನೆಯಲ್ಲೇ ಶುರುವಾಯಿತು. ಬಂದೂಕು ಊರುವ ಮೂರುಕಾಲಿನ ಕೋಲು ಅಂಗಡಿಯಲ್ಲಿ ದುಬಾರಿ. ಹಾಗಾಗಿ ನೆಲ ಒರೆಸುವ ಎರಡು ಕೋಲು, ಪೊರಕೆಯ ಒಂದು ಹಿಡಿ ಸೇರಿಸಿ ಸೈಕಲ್ ಟ್ಯೂಬಿನಿಂದ ಬಿಗಿದ. ಫ್ರಿಜ್ಜಿನ ಬಾಗಿಲಿಗೆ ಕಾಡೆಮ್ಮೆಯ ಚಿತ್ರ ಅಂಟಿಸಿದ. ಊಟದ ಮೇಜಿನ ಕೆಳಗಿನಿಂದ ಮೊಣಕೈ ಮೇಲೆ ತೆವಳಿ ಬಂದು, ಕೋಲು ಊರಿ, ಛತ್ರಿಯಿಂದ ಗುರಿ ಹಿಡಿಯುತ್ತಿದ್ದ. ಹಾಲು ತೆಗೆಯಲು ಬಂದ ಹಾನೆಲಿ ಪ್ರತಿಸಲವೂ ಎಮ್ಮೆಗೆ ಅಡ್ಡ ಬರುತ್ತಿದ್ದಳು.

"ಅಲ್ಲಾಡಬೇಡ! ಗಾಳಿ ಅದರ ಕಡೆಯಿಂದ ಬೀಸ್ತಿದೆ!"

"ಬೀಸ್ತಿರೋದು ಈರುಳ್ಳಿ ವಾಸನೆ. ಎದ್ದು ಬಂದು ಹೆಚ್ಚು. ಮತ್ತೆ ನೆಲ ಯಾವುದರಲ್ಲಿ ಒರೆಸ್ಲಿ, ನಿನ್ನ ಮೀಸೇಲಾ?"

ಹಾನೆಲಿಗೆ ಆ ದಿನಗಳಲ್ಲಿ ತಮಾಷೆಗೆ ಬಿಡುವಿರಲಿಲ್ಲ. ಬರುವ ಶನಿವಾರ ಚರ್ಚಿನ ಬಜಾರು, ಅಂದರೆ ಚರ್ಚಿಗೆ ದುಡ್ಡು ಕೂಡಿಸುವ ಊಟದ ಜಾತ್ರೆ. ಅಲ್ಲಿನ ಊಟದ ಮೇಜಿನ ಯಜಮಾನಿಕೆ ಎಂಟು ವರ್ಷ ಕಾದ ಮೇಲೆ ಈ ಸಲ ಅವಳ ಪಾಲಿಗೆ ಬಂದಿತ್ತು. ಮೂರು ವಾರ ಹಿಟ್ಟು ನಾದಿ, ಒಳಗೆ ಕೋಳಿಮಾಂಸ ತುಂಬಿ, ಅಂಚು ಮಡಿಸಿ, ನೂರ ಅರವತ್ತು ಕೋಳಿ ಪೈ ಮಾಡಿ ದೊಡ್ಡ ಫ್ರೀಜರಿನಲ್ಲಿ ಜೋಡಿಸಿದ್ದಳು. ಅವಳ ಮಾನವೆಲ್ಲ ಆ ಫ್ರೀಜರಿನೊಳಗೆ ಗಟ್ಟಿಯಾಗಿ ಕೂತಿತ್ತು.

ಅದೇ ಫ್ರೀಜರಿನ ಮೇಲೆ ಲೋರೆನ್ಸನ ಕಣ್ಣು ಬಿತ್ತು! ಎಮ್ಮೆ ಅಂದರೆ ಏನಿಲ್ಲೆಂದರೂ ಇನ್ನೂರೈವತ್ತು ಕಿಲೋ ಮಾಂಸ. ಜಾಗ ಎಲ್ಲಿ? ಇತ್ತ ಕಾಡೆಮ್ಮೆಗೆ ತಕ್ಕ ಬಂದೂಕಿಲ್ಲ, ತೋಟಾ ಇಲ್ಲ, ಮಾಂಸ ತರಲು ಟ್ರೈಲರಿಲ್ಲ. ಮಹಾಪುರುಷರಿಗೆ ಮಾತ್ರ ಹೊಳೆಯುವ ಉಪಾಯ ಅವನಿಗೆ ಹೊಳೆಯಿತು. ಪೆಟ್ರೋಲ್ ಬಂಕಿನ ಡ್ರೀಕಸ್‌ಗೆ ಅರವತ್ತು ಪೈ ಹೋಯಿತು, ದೊಡ್ಡ ಬಂದೂಕು ಕಾನೂನಿನಂತೆ ಚೀಟಿ ಸಮೇತ ಬಂತು. ಶಾಲೆಯ ಮೇಷ್ಟ್ರು ಫಾನಸ್‌ಗೆ ನಲವತ್ತು ಹೋಯಿತು, ತೋಟಾ ಬಂತು. ಪಾದ್ರಿಗಳಿಗೆ ಮೂವತ್ತು ಹೋಯಿತು, ಟ್ರೈಲರ್ ಬಂತು. ಎಲ್ಲರಿಗೂ ಅವನು ಹೇಳಿದ್ದು ಒಂದೇ: "ಹಾನೆಲಿ ಪ್ರೀತಿಯಿಂದ ಕಳಿಸಿದಾಳೆ!"

ಹಾನೆಲಿಗೆ ಹೇಳಲಿಲ್ಲ. ಶನಿವಾರ ಮೇಜಿನ ಮೇಲೆ ಕಾಡೆಮ್ಮೆಯ ಪೈ ರಾಶಿ ಹಾಕಿ ಅವಳನ್ನು ಬೆರಗುಗೊಳಿಸುವುದು ಅವನ ಆಸೆ. ಕಾಡೆಮ್ಮೆ ಇರುವಾಗ ಕೋಳಿ ಯಾರಿಗೆ ಬೇಕು? ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡು, ಉತ್ತರವನ್ನೂ ತಾನೇ ಹೇಳಿಕೊಂಡು ಸಮಾಧಾನಪಟ್ಟ.

ಬುಧವಾರ ಬಂದೂಕು ಪರೀಕ್ಷೆಗೆಂದು ಊರಾಚೆಯ ದಿಬ್ಬಕ್ಕೆ ಹೋಗಿ ಬಂದ. ಗುಂಡು ಮುಂದಕ್ಕೆ ಹೋಯಿತು, ಬಂದೂಕಿನ ಮೇಲಿನ ದುರ್ಬೀನು ಹಿಂದಕ್ಕೆ ಬಂತು. ಹುಬ್ಬಿನ ಮೇಲೆ ಅರ್ಧಚಂದ್ರ ಮೂಡಿತು.

"ಎಮ್ಮೆ ಇನ್ನೂ ಫಾರ್ಮಲ್ಲೇ ಇದೆ, ನಿನಗಾಗಲೇ ಗಾಯ!" ಎಂದು ಹಾನೆಲಿ ಅರಿಶಿನ ಬಣ್ಣದ ಮುಲಾಮು ಬಳಿದಳು. "ನಾನೂ ಬರ್ತೀನಿ ನಾಳೆ. ನೋಡೋರಿಗೆ ದುಡ್ಡಿಲ್ಲ ತಾನೆ? ಮೂರು ವಾರದಿಂದ ಹಿಟ್ಟು ಬಿಟ್ಟು ಬೇರೇನೂ ನೋಡಿಲ್ಲ."

ಗುರುವಾರ ಬೆಳಿಗ್ಗೆ ಫಾರ್ಮಿನಲ್ಲಿ ಅವರನ್ನು ಕಾದಿದ್ದವನು ರಿಸಿಮಾತಿ. ನರೆಗೂದಲಿನ, ಮಿತಭಾಷಿಯಾದ ಹೆಜ್ಜೆಜಾಡಿನ ಪಂಡಿತ. ಅವನು ಹುಲ್ಲು ನೋಡಿ ನಡೆದ, ಲೋರೆನ್ಸ್ ಅವನ ಹಿಮ್ಮಡಿ ನೋಡಿ ನಡೆದ, ಹಾನೆಲಿ ತನ್ನ ನೆಲ ಒರೆಸುವ ಕೋಲು ಹೊತ್ತು ನಡೆದಳು. ಮೂರು ಗಂಟೆಗಳಲ್ಲಿ ಲೋರೆನ್ಸನ ಪ್ಯಾಂಟಿನ ಮಂಡಿಯೆರಡೂ ಮುಳ್ಳಿಗೆ ಅರ್ಪಣೆಯಾದವು. ಆಮೇಲೆ ಇದ್ದಕ್ಕಿದ್ದಂತೆ, ಮುಳ್ಳುಪೊದೆಯ ಅಂಚಿನಲ್ಲಿ, ಬೋಳು ಬೆನ್ನಿನ ಮುದಿ ಎಮ್ಮೆ! ತಲೆಯೆತ್ತಿ ಇವನನ್ನೇ, ಬಾಡಿಗೆ ಬಾಕಿಯವನನ್ನು ನೋಡುವಂತೆ ನೋಡುತ್ತಿತ್ತು.

"ಈಗ," ಎಂದ ರಿಸಿಮಾತಿ.

ಬಂದೂಕು ಗುಡುಗಿತು. ದುರ್ಬೀನು ಎರಡನೆಯ ಅರ್ಧಚಂದ್ರ ಬರೆಯಿತು. ಎಮ್ಮೆ ನಲವತ್ತು ಹೆಜ್ಜೆ ಓಡಿ ಮಣ್ಣಿಗೆ ಬಿತ್ತು. ಲೋರೆನ್ಸ್ ಟೋಪಿ ತೆಗೆದು ಅದರ ಪಕ್ಕ ಮಂಡಿಯೂರಿದ. ಕೊಂಬಿನ ಮೇಲೆ ಮೆಲ್ಲಗೆ ಕೈಯಿಟ್ಟ. ಹಾನೆಲಿ ಬಂದು ಅವನ ಹೆಗಲು ತಟ್ಟಿದಳು. "ನಿಜವಾಗ್ಲೂ ಹೊಡೆದುಬಿಟ್ಟೆ ಕಣೋ!" ಎಂದಳು. ಇಪ್ಪತ್ತೆರಡು ವರ್ಷಗಳ ಸಂಸಾರದಲ್ಲಿ ಅಷ್ಟು ಸಿಹಿಯಾದ ಮಾತನ್ನು ಅವನು ಕೇಳಿರಲಿಲ್ಲ.

ಮಾಂಸ ಟ್ರೈಲರಿಗೆ ತುಂಬುವಾಗ ರಿಸಿಮಾತಿ ಒಂದೇ ಪ್ರಶ್ನೆ ಕೇಳಿದ. "ನಿಮ್ಮ ಮನೆ ತಪಾಸಣೆ ಗೇಟಿನ ಈ ಕಡೇನೇ ತಾನೆ?"

"ಹತ್ರಾನೇ ಮಾರಾಯ, ಅರ್ಧ ಗಂಟೆ ದಾರಿ!" ಎಂದ ಲೋರೆನ್ಸ್, ಪ್ರಶ್ನೆ ಒಂದು, ಉತ್ತರ ಇನ್ನೊಂದು ಎಂಬುದನ್ನು ಗಮನಿಸದೆ.

ಗೇಟು ಬಂತು. ಪಶುವೈದ್ಯ ಇಲಾಖೆಯ ಮಬುಂಡಾ ಎಂಬ ದಪ್ಪ ಕನ್ನಡಕದ ಅಧಿಕಾರಿ ಟಾರ್ಪಾಲು ಎತ್ತಿ ನೋಡಿ, ಮತ್ತೆ ಮೆಲ್ಲಗೆ ಮುಚ್ಚಿದರು, ಮಲಗಿದ ಮಗುವಿಗೆ ಹೊದಿಸುವ ಹಾಗೆ.

"ಕಾಡೆಮ್ಮೆ. ಎಲ್ಲಿಗೆ ಹೊರಟಿದೆ ಸವಾರಿ?"

"ಮರೂಲಕೊಪ್‌ಗೆ, ಸಾರ್! ನಾನೇ ಹೊಡೆದದ್ದು!"

"ಸಂತೋಷ. ಆದ್ರೆ ಇದು ಕೆಂಪು ಗೆರೆ ಅನ್ನೋದು ಗೊತ್ತಲ್ಲ?"

ಗೊತ್ತಿಲ್ಲದೆ ಏನು! ದನಗಳ ರೋಗ ತಡೆಯಲು ಸರ್ಕಾರ ಎಳೆದ ಗಡಿ ಅದೆಂದು ಆ ಸೀಮೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಗೆರೆಯಾಚೆಯ ಕಾಡೆಮ್ಮೆಗಳಲ್ಲಿ ಕಾಲುಬಾಯಿ ಜ್ವರದ ಸೋಂಕಿರಬಹುದು. ತಿಂದ ಮನುಷ್ಯನಿಗೆ ಏನೂ ಆಗದು, ಆದರೆ ಈಚೆಯ ದನಗಳಿಗೆ ತಗುಲಿದರೆ ಊರಿಗೆ ಊರೇ ಮುಳುಗುತ್ತದೆ. ಆದ್ದರಿಂದ ಆ ಮಾಂಸ ಗೇಟು ದಾಟುವಂತಿಲ್ಲ. ಲೋರೆನ್ಸನಿಗೂ ಇದು ಗೊತ್ತಿತ್ತು. ಅಗ್ಗದ ಬೆಲೆ ನೋಡಿದ ಕ್ಷಣದಿಂದ ನೆನಪು ಮಾತ್ರ ರಜೆಯ ಮೇಲಿತ್ತು. ಅವನೇ ಸಹಿ ಹಾಕಿದ ಕಾಗದದ ಐದನೇ ಸಾಲಿನಲ್ಲೂ ಅದು ದಪ್ಪಕ್ಷರದಲ್ಲಿತ್ತು.

"ಅದಕ್ಕೇ ಅರ್ಧ ಬೆಲೆ!" ಎಂದು ಹಾನೆಲಿ ಬಿದ್ದೂ ಬಿದ್ದೂ ನಕ್ಕಳು. ನಕ್ಕು ಕಣ್ಣೊರೆಸಿಕೊಂಡು, ಗಂಡನ ಜೋಲುಮುಖ ನೋಡಿ ಕರಗಿದಳು. "ಹೋಗ್ಲಿ ಬಿಡು, ಬೇಜಾರು ಮಾಡ್ಕೋಬೇಡ. ಎಮ್ಮೆ ಹೊಡೆದೆಯಲ್ಲ, ಅಷ್ಟು ಸಾಕು. ಮಾಂಸ ಫಾರ್ಮಿನವರು ತಿನ್ಲಿ. ಬಜಾರಿಗೆ ಹೆಂಗೂ ನನ್ನ ಪೈ ಇದಾವೆ."

ಲೋರೆನ್ಸ್ ಟಾರ್ಪಾಲಿನ ಮೂಲೆ ಸರಿಪಡಿಸತೊಡಗಿದ.

"ಇದಾವೆ ತಾನೆ?"

ಲೋರೆನ್ಸ್ ಗೇಟಿನ ಮೇಲೆ ಕೂತ ಹಕ್ಕಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಲೋರೆನ್ಸ್! ನನ್ನ ಪೈ ಎಲ್ಲಿ?"

"ಈ ಬಂದೂಕು ಇದೆಯಲ್ಲ… ಇದು ಅರವತ್ತು ಪೈ. ಟ್ರೈಲರು ಮೂವತ್ತು."

"ಪಾದ್ರಿಗಳೂ ತಿಂದ್ರಾ!"

"ಹೊಗಳಿ ತಿಂದ್ರು! ಅಂಚಿನ ಮಡಿಕೆ ಬಹಳ ಚೆನ್ನಾಗಿದೆ ಅಂದ್ರು."

"ಮಿಕ್ಕಿದ್ದು?"

"ಮೇಷ್ಟ್ರಿಗೆ ನಲವತ್ತು. ಅಕ್ಕಪಕ್ಕದೋರಿಗೆ ಒಂದಿಷ್ಟು. ಆರು… ಆರು ನಾನೇ."

ಮಬುಂಡಾ ಕುರ್ಚಿ ಎಳೆದುಕೊಂಡು ಕೂತರು. ಹಿಂದೆ ನಿಂತ ಮೂರು ಗಾಡಿಯವರು ಹಾರ್ನ್ ಮಾಡುವುದು ಬಿಟ್ಟು ಇಳಿದು ಹತ್ತಿರ ಬಂದರು. ಹಾನೆಲಿಯ ಕಣ್ಣು ತುಂಬಿತ್ತು. ಎಂಟು ವರ್ಷ ಕಾದ ಮೇಜು, ಅದರ ಮೇಲೆ ಇಡಲು ಉಪ್ಪಿನ ಡಬ್ಬಿ ಬಿಟ್ಟು ಏನೂ ಇಲ್ಲ! ಲೋರೆನ್ಸನಿಗೆ ಆ ಎಮ್ಮೆ ಎದ್ದು ಬಂದು ತನ್ನನ್ನು ತಿವಿಯಬಾರದೇ ಅನ್ನಿಸಿತು.

ಮಬುಂಡಾ ಕೆಮ್ಮಿದರು. "ನೋಡಿ ಅಮ್ಮ, ನಾನು ಕಾನೂನು ಮುರಿಯೋ ಹಾಗಿಲ್ಲ. ಟ್ರೈಲರಲ್ಲಿದ್ರೆ ಬಿಡಲ್ಲ, ಡಬ್ಬೀಲಿದ್ರೂ ಬಿಡಲ್ಲ. ಆ ಕಡೇನೇ ತಿಂದು ಬಂದ್ರೆ ನನ್ನ ತಕರಾರಿಲ್ಲ. ಹೊಟ್ಟೆಯೊಳಗಿರೋದಕ್ಕೆ ಯಾರೂ ಪರ್ಮಿಟ್ ಕೇಳಲ್ಲ."

ಹಾನೆಲಿ ಕಣ್ಣೊರೆಸಿಕೊಂಡಳು. ಆಮೇಲೆ ಫೋನು ತೆಗೆದಳು.

"ಪಾದ್ರಿಗಳೇ, ಮೂವತ್ತು ಪೈ ರುಚಿಯಾಗಿತ್ತಾ? ಅದು ಬಜಾರಿನ ಪೈ. ಅಯ್ಯೋ, ಗಾಬರಿ ಆಗ್ಬೇಡಿ, ನಿಮ್ಮ ತಪ್ಪಲ್ಲ. ಶನಿವಾರ ಬಜಾರು ಗೆರೆಯಾಚೆ ನಡೆಯುತ್ತೆ. ಚರ್ಚಿನ ಬೆಂಚು, ಮೂರು ದೊಡ್ಡ ಹಂಡೆ ತನ್ನಿ." ಮುಂದಿನ ಕರೆ ಡ್ರೀಕಸ್‌ಗೆ: "ಅರವತ್ತು ತಿಂದಿದೀಯ. ಅರವತ್ತು ಜನರನ್ನ ಕರ್ಕೊಂಡು ಬಾ. ಬಸ್ಸಿಗೆ ಡೀಸೆಲ್ ನಿನ್ನದೇ."

ಪೈ ತಿಂದ ಯಾರಿಗೂ ಆಗಲ್ಲ ಎನ್ನಲಾಗಲಿಲ್ಲ! ಫಾರ್ಮಿನ ಮಾಲೀಕಳು ಮರದಡಿಯ ಬಯಲು ಬಿಟ್ಟುಕೊಟ್ಟಳು, ಮಾಂಸ ಇಟ್ಟಿದ್ದ, ನರಳುತ್ತಿದ್ದ ಕೋಲ್ಡ್ ರೂಮನ್ನು ಲೋರೆನ್ಸ್ ಪುಕ್ಕಟೆ ರಿಪೇರಿ ಮಾಡಿಕೊಡಬೇಕೆಂಬ ಕರಾರಿನ ಮೇಲೆ. ಅವಳಿಗೆ ವ್ಯಾಪಾರ ಚೆನ್ನಾಗಿಯೇ ಗೊತ್ತಿತ್ತು.

ಶನಿವಾರ ಮರೂಲಕೊಪ್‌ನಲ್ಲಿ ನಾಯಿಗಳ ಹೊರತು ಯಾರೂ ಉಳಿಯಲಿಲ್ಲ. ಮರದಡಿ ಮೂರುಕಾಲಿನ ಕಬ್ಬಿಣದ ಹಂಡೆಗಳು ಹನ್ನೊಂದು! ಒಂದೊಂದರಲ್ಲೂ ಕಾಡೆಮ್ಮೆ ಕೊತಕೊತ. ರಿಸಿಮಾತಿಯ ಹೆಂಡತಿ, ಸೊಸೆಯಂದಿರು ಮೆಕ್ಕೆಜೋಳದ ಮುದ್ದೆ ತಿರುವಿದರು. ಪಾದ್ರಿಗಳು ಎರಡು ಸಲ ಪ್ರಾರ್ಥಿಸಿ ಮೂರು ಸಲ ಬಡಿಸಿಕೊಂಡರು. ಹಾನೆಲಿ ಏಪ್ರನ್ ಕಟ್ಟಿ, ಸೌಟು ಹಿಡಿದು, ಮೇಜಿನ ತುದಿಯಲ್ಲಿ ಮಹಾರಾಣಿಯ ಹಾಗೆ ನಿಂತಿದ್ದಳು. ಇಂಥ ಬಜಾರು ಹಿಂದೆಂದೂ ಆಗಿರಲಿಲ್ಲವೆಂದು ಎಲ್ಲರೂ ಒಪ್ಪಿದರು.

ಬೇಟೆಯ ಕಥೆ ಹೇಳಲು ಲೋರೆನ್ಸ್ ನಾಲ್ಕು ಸಲ ಬಾಯಿ ತೆರೆದ. ನಾಲ್ಕು ಸಲವೂ ಯಾರೋ ಒಬ್ಬರು ಒಂದು ಖಾಲಿ ಹಂಡೆ ತಂದು ಅವನ ಮುಂದಿಟ್ಟರು. ಬೂದಿ ಹಾಕಿ ಉಜ್ಜುವುದು ಅವನ ಪಾಲಿನ ಕೆಲಸ.

ಸಂಜೆ ಗೇಟಿನಲ್ಲಿ ಮಬುಂಡಾ ಖಾಲಿ ಟ್ರೈಲರಿನ ಟಾರ್ಪಾಲು ಎತ್ತಿದರು. ಬಜಾರಿನಲ್ಲಿ ಅವರೂ ಎರಡು ತಟ್ಟೆ ಮುಗಿಸಿದ್ದರು.

"ಏನಾದ್ರೂ ಸಾಗಿಸ್ತಿದೀರಾ ಅಮ್ಮ?"

"ಒಂದು ಕೋಣ ಇದೆ ಸಾರ್, ಜೀವಂತ," ಎಂದು ಹಾನೆಲಿ ಪಕ್ಕದ ಸೀಟು ತೋರಿಸಿದಳು. "ಹೊಡ್ಕೊಂಡು ಹೋಗಬಹುದಾ?"

ಮಬುಂಡಾ ಕಿಟಕಿಯೊಳಗೆ ಬಗ್ಗಿ, ಎರಡು ಅರ್ಧಚಂದ್ರ, ಕಪ್ಪಾದ ಮೂಗು, ಬೂದಿ ಮೆತ್ತಿದ ಕೈಗಳನ್ನು ಗಂಭೀರವಾಗಿ ಪರೀಕ್ಷಿಸಿದರು.

"ಕಾಲುಬಾಯಿ ಜ್ವರ ಏನಾದ್ರೂ?"

"ಕಾಲಿಗೇನಿಲ್ಲ. ಬಾಯಿಗೆ ಮಾತ್ರ, ಬಹಳ ಹಳೇದು."

"ಹಾಗಾದ್ರೆ ಮನೆ ತಲುಪೋವರೆಗೂ ಬಾಯಿ ತೆರೆಯೋ ಹಾಗಿಲ್ಲ," ಎಂದು ತೀರ್ಪು ಕೊಟ್ಟು ಗೇಟು ಎತ್ತಿದರು.

ಅರ್ಧ ಗಂಟೆಯ ದಾರಿಯುದ್ದಕ್ಕೂ ಲೋರೆನ್ಸ್ ಕಾನೂನನ್ನು ಚಾಚೂ ತಪ್ಪದೆ ಪಾಲಿಸಿದ.