ಕಾರಣ ಬರೆಯಲು ಬಿಟ್ಟ ಜಾಗ

ಕನಕರಾಜ್ ಮೇಷ್ಟ್ರು ಕೆಟ್ಟಿದ್ದು ಒಂದು ಬಿಳಿ ಹಾಳೆಯಿಂದ. ಅದರಲ್ಲಿ ಏನಾದರೂ ಬರೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಹುಣಸೆಗುಂಟಪಲ್ಲಿಯ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿಗೆ ಮೂವತ್ತೊಂದು ಮಕ್ಕಳು. ಅದರಲ್ಲಿ ಹದಿನಾಲ್ಕು ಮಕ್ಕಳು ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಡುಮ್ಕಿ. ಮೇಲಿನ ಕಚೇರಿಯವರು ಬೈದಿದ್ದರೆ ಬೈಸಿಕೊಂಡು ಸುಮ್ಮನಾಗಬಹುದಿತ್ತು. ಅವರು ಕಾರಣ ಕೇಳಿದರು. ಇವತ್ತು ಸಂಜೆ ಐದರೊಳಗೆ ಕಾರಣ ಪತ್ತೆಹಚ್ಚಿ, ಪೋಷಕರ ಸಹಿ ಸಮೇತ ಶಿಡ್ಲಘಟ್ಟಕ್ಕೆ ತಲುಪಿಸಬೇಕು. ತಪ್ಪಿದರೆ ಗಣಿತ ಶಿಕ್ಷಕರ ವರ್ಗಾವಣೆ ಕೋರಿಕೆಯನ್ನು ಪರಿಗಣಿಸಲಾಗುವುದಿಲ್ಲ.

ಮೇಷ್ಟ್ರ ಎದೆಗೆ ನಾಟಿದ್ದು ಈ ಕೊನೆಯ ಸಾಲು. ಹೆಂಡತಿ ರಾಧಾಮಣಿಗೆ ಚಿಂತಾಮಣಿಯ ಬ್ಯಾಂಕಿನಲ್ಲಿ ಕೆಲಸ. ಮದುವೆಯಾದ ಮೇಲೆ ಮೇಷ್ಟ್ರು ಹೆಂಡತಿಗಿಂತ ಹೆಚ್ಚಾಗಿ ಬಸ್ ಕಂಡಕ್ಟರನ ಮುಖವನ್ನೇ ನೋಡಿದ್ದರು. ಈಗ ಚಿಂತಾಮಣಿ ವರ್ಗಾವಣೆಯ ಫೈಲು ಶಿಡ್ಲಘಟ್ಟದ ಸಾಹೇಬರ ಒಂದೇ ಒಂದು ಸಹಿಗೆ ಕಾದಿತ್ತು.

ಹೆಡ್ಮಾಸ್ಟರ್ ಚೆನ್ನರಾಯಪ್ಪ ಮೇಲಿನಿಂದ ಬಂದ ಪಟ್ಟಿ ತೆಗೆದರು. ಬಡತನ, ಊಟ, ಮೊಬೈಲು, ಅಪ್ಪನ ಓದು, ಅಮ್ಮನ ಓದು, ಶಾಲೆಗಿರುವ ದೂರ ಅಂತ ಇಪ್ಪತ್ತೆರಡು ಕಾರಣಗಳು ಅಚ್ಚಾಗಿದ್ದವು.

"ಇಲಾಖೆ ಮೇಲೆ ಹೋಗೋದಕ್ಕೆ ಟಿಕ್ ಹಾಕ್ಬೇಡಿ. ನಮ್ಮ ಮೇಲೆ ಬರೋದಕ್ಕೂ ಬೇಡ," ಎಂದರು.

"ಮತ್ತೆ ಉಳಿಯೋದು ಯಾವುದು ಸಾರ್?"

"ಪೋಷಕರ ನಿರ್ಲಕ್ಷ್ಯ."

"ಅದಕ್ಕೆ ಪೋಷಕರೇ ಸೈನ್ ಹಾಕ್ತಾರಾ?"

"ಅದಕ್ಕೇ ಖಾಲಿ ಹಾಳೆ ಮೇಲೆ ಹಾಕಿಸ್ಕೊಂಡು ಬನ್ನಿ. ಮೇಲೆ ಜಾಗ ಬಿಡಿ. ಕಾರಣ ಆಮೇಲೆ ಬರ್ಕೊಳ್ಳಣ."

ಹೆಡ್ಮಾಸ್ಟರ್ ಆಗುವುದು ಸುಮ್ಮನೆ ಅಲ್ಲ.

ಮೊದಲನೆಯದು ಬಯ್ಯಪ್ಪನ ಮನೆ. ಅವನ ಮಗಳು ಶಿರೀಷಾ ಗಣಿತದಲ್ಲಿ ಹದಿನೆಂಟು ತೆಗೆದವಳು. ಮೇಷ್ಟ್ರು ಅಂಗಳಕ್ಕೆ ಕಾಲಿಡುತ್ತಲೇ ಬಯ್ಯಪ್ಪ ಓಡಿಬಂದ.

"ದೇವ್ರು ಬಂದಂಗೆ ಬಂದ್ರಿ ಸಾ. ಹುಳ ಎಲ್ಲಾ ಒಟ್ಟಿಗೇ ಹಣ್ಣಾಗ್ಬಿಟ್ಟವೆ. ಕೈ ತೊಳ್ಕೊಂಡು ಒಳಕ್ ಬನ್ನಿ."

"ನಂದೊಂದು ಸೈನ್ ಇತ್ತು ಬಯ್ಯಪ್ಪ. ಮಕ್ಕಳು ಯಾಕೆ ಫೇಲಾದ್ರು ಅಂತ ಕಾರಣ ಐದರೊಳಗೆ ಶಿಡ್ಲಘಟ್ಟಕ್ಕೆ ಮುಟ್ಟಿಸ್ಬೇಕು, ಹದಿನಾಲ್ಕು ಮನೆ ತಿರುಗ್ಬೇಕು..."

"ತಿರುಗೋದ್ಯಾಕೆ? ಹದಿನಾಲ್ಕು ಮನೆಯೋರೂ ಇಲ್ಲೇ ಮುಯ್ಯಿಗೆ ಬಂದವ್ರೆ. ಕೊಡಿ ಆ ಹಾಳೆನ, ನಾನ್ ಹಾಕಿಸ್ತೀನಿ."

ರೇಷ್ಮೆಹುಳು ಹಣ್ಣಾದರೆ ಅದು ಯಾರಿಗೂ ಕಾಯುವುದಿಲ್ಲ. ಗೂಡು ಕಟ್ಟುವುದಕ್ಕೆ ಮುಂಚೆ ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು. ಅವತ್ತು ಬಾಗಿಲಿಗೆ ಬಂದವನು ನೆಂಟನಾಗಲಿ, ಮೇಷ್ಟ್ರಾಗಲಿ, ಕೈ ಹಾಕದೆ ಹೋಗುವಂತಿಲ್ಲ. ಇವರ ಮನೆಗೆ ಅವರು, ಅವರ ಮನೆಗೆ ಇವರು; ಅದೇ ಮುಯ್ಯಿ. ತೀರಿಸದೆ ಉಳಿಸಿಕೊಂಡವನಿಗೆ ಊರಿನಲ್ಲಿ ಮರ್ಯಾದೆಯಿಲ್ಲ.

ಮೇಷ್ಟ್ರು ಹಾಳೆ ಕೊಟ್ಟು ಹುಳುಮನೆ ಹೊಕ್ಕು ನೋಡಿದರೆ ಬೆಳಿಗ್ಗೆ ಹಾಜರಿ ಕರೆದಾಗ ಇಲ್ಲದ ಮಕ್ಕಳೆಲ್ಲ ಅಲ್ಲಿದ್ದರು. ಶಿರೀಷಾ ಎರಡೂ ಕೈಯಲ್ಲಿ ಹುಳ ಆರಿಸುತ್ತಲೇ ಲೆಕ್ಕ ಒಪ್ಪಿಸಿದಳು.

"ನೂರು ಚಿಟ್ಟೆ ಮೊಟ್ಟೆ ಸಾರ್, ಚಿಟ್ಟೆಗೆ ನಾನೂರರಂಗೆ ನಲವತ್ತು ಸಾವಿರ ಹುಳ. ಚಂದ್ರಿಕೆಗೆ ಸಾವಿರ. ನೂರಕ್ಕೆ ಐದು ಸತ್ತೋಗಿದ್ರೆ ಮೂವತ್ತೆಂಟು ಚಂದ್ರಿಕೆ ಸಾಕು."

"ಮತ್ತೆ ಪರೀಕ್ಷೇಲಿ ಏನಾಗಿತ್ತಮ್ಮ ನಿಂಗೆ?"

"ಪರೀಕ್ಷೆ ಹಿಂದಿನ ದಿನಾನೂ ಹುಳ ಹಣ್ಣಾಗಿತ್ತು ಸಾರ್. ತ್ರಿಕೋನಮಿತಿ ಟೈಮಲ್ಲಿ ನೀವು ಗಣತಿಗೆ ಹೋಗಿದ್ರಿ. ಎಂಟರಿಂದ ಹತ್ತಕ್ಕೆ ಬರೋಷ್ಟ್ರಲ್ಲಿ ನೀವು ನಾಲ್ಕನೇ ಮೇಷ್ಟ್ರು. ಒಬ್ಬೊಬ್ರೂ ಮೊದಲ್ನೇ ಪಾಠದಿಂದ್ಲೇ ಶುರು ಮಾಡಿದ್ರಿ. ಮೊದಲ್ನೇ ಪಾಠ ನಂಗೆ ಚೆನ್ನಾಗಿ ಬರುತ್ತೆ."

ಇಪ್ಪತ್ತೆರಡು ಕಾರಣಗಳಲ್ಲಿ ಇದಕ್ಕೆ ಚೌಕವೇ ಇರಲಿಲ್ಲ. ಮೇಷ್ಟ್ರಿಗೆ ನಾಚಿಕೆಯಾಯಿತು. ಆದರೆ ನಾಚಿಕೆಗೆ ಚಿಂತಾಮಣಿ ಬಿಡಲು ಅವರೇನು ಹುಚ್ಚರೇ?

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಕೈತುಂಬ ಹುಳ, ಶಿರೀಷಾಳೇ ಜೇಬಿನಿಂದ ತೆಗೆದು ಸ್ಪೀಕರ್ ಹಾಕಿ ಹಿಡಿದಳು.

"ರೀ," ಎಂದಳು ರಾಧಾಮಣಿ, ಇಡೀ ಹುಳುಮನೆಗೆ ಕೇಳುವಂತೆ. "ನಾಳೆ ನಿಮ್ಮ ಚಿಂತಾಮಣಿ ಆರ್ಡರ್ ಆಗುತ್ತಂತೆ. ಸುಮ್ನೆ ಗಂಟುಮೂಟೆ ಕಟ್ಕೊಂಡು ಬಂದ್ಬಿಡಿ."

"ಆಯ್ತು ಕಣೇ," ಎಂದರು ಮೇಷ್ಟ್ರು. ಹುಳುಮನೆಗೆ ರೋಗ ಬರದಂತೆ ಎರಚಿದ್ದ ಬ್ಲೀಚಿಂಗ್ ಪುಡಿಯ ಘಾಟಿಗೆ ಅವರ ಕಣ್ಣಿನಿಂದ ಆಗಲೇ ದಳದಳ ನೀರು ಸುರಿಯುತ್ತಿತ್ತು.

ಬಯ್ಯಪ್ಪನ ಹೆಂಡತಿ ರಾಮಲಕ್ಷ್ಮಮ್ಮ ಮೇಷ್ಟ್ರ ಮುಖ ನೋಡಿದಳು, ಗಂಡನ ಮುಖ ನೋಡಿದಳು. "ಅಯ್ಯೋ ಪಾಪ," ಎಂದಳು. ಬಯ್ಯಪ್ಪ ಮೆಲ್ಲಗೆ ಮಗಳನ್ನು ಕರೆದುಕೊಂಡು ಹೊರಗೆ ಹೋದ.

ಕೊನೆಯ ಚಂದ್ರಿಕೆ ತುಂಬಿ ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿದಾಗ ಐದಕ್ಕೆ ಹತ್ತು ನಿಮಿಷ. ಮೂವತ್ತೆಂಟನೆಯದು ಅದು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಹೊರಗೆ ಬಂದು ನೋಡಿದರೆ ಬಯ್ಯಪ್ಪನೂ ಇಲ್ಲ, ಅವನ ಬೈಕೂ ಇಲ್ಲ, ಹಾಳೆಯೂ ಇಲ್ಲ. ಮೇಷ್ಟ್ರು ಜಗಲಿಯ ಮೇಲೆ ಕುಸಿದು ಕೂತರು.

ಐದೂವರೆಗೆ ಬೈಕು ಬಂತು.

"ಟೈಮ್ಗೆ ಮುಟ್ಟಿಸ್ಬಿಟ್ಟೆ ಸಾ. ನಮ್ ಶಿರೀಷಾ ಮುದ್ದಾಗಿ ಬರ್ಕೊಟ್ಲು. ಸಾಹೇಬ್ರು ಓದಿ, 'ಇಷ್ಟು ವರ್ಷಕ್ಕೆ ಒಂದು ಸರಿಯಾದ ಕಾರಣ ಬಂತು' ಅಂದ್ರು. ತಗಳ್ಳಿ, ನಕಲು ಕೊಟ್ಟವ್ರೆ."

ಬೇಕೆಂದೇ ಬಿಟ್ಟಿದ್ದ ಜಾಗದಲ್ಲಿ ದುಂಡು ಅಕ್ಷರ ತುಂಬಿತ್ತು. "ನಮ್ಮ ಮಕ್ಕಳು ಗಣಿತದಲ್ಲಿ ಹಿಂದುಳಿಯಲು ಕಾರಣ ಮೇಷ್ಟ್ರುಗಳು ಪದೇ ಪದೇ ಬದಲಾಗುವುದು. ಈಗಿನ ಮೇಷ್ಟ್ರಿಗೂ ನಮ್ಮೂರು ಬಿಟ್ಟು ಹೋಗಲು ಇಷ್ಟವಿಲ್ಲ. ಅವರು ಕಣ್ಣೀರಿಟ್ಟಿದ್ದನ್ನು ನಾವು ಕಂಡಿದ್ದೇವೆ. ಆದ್ದರಿಂದ ಇನ್ನೈದು ವರ್ಷ ಅವರನ್ನು ಕದಲಿಸಬಾರದು." ಕೆಳಗೆ ಹದಿನಾಲ್ಕು ಸಹಿ. ಪಕ್ಕದಲ್ಲಿ ಸಾಹೇಬರ ಹಸಿರು ಇಂಕು: "ಒಪ್ಪಿದೆ. ವರ್ಗಾವಣೆ ಕೈಬಿಡಿ."

ಮೇಷ್ಟ್ರು ಹಾಳೆಯನ್ನು ಎರಡು ಸಲ ಓದಿದರು. ಈಗ ಕಣ್ಣಿಗೆ ಬಂದ ನೀರು ನಿಜದ್ದು.

"ಮತ್ತೆ ಅಳ್ತಾ ಅವ್ರೆ," ಎಂದಳು ರಾಮಲಕ್ಷ್ಮಮ್ಮ. "ಸಂತೋಷಕ್ಕೆ."

"ಮುಯ್ಯಿಗೆ ಬಂದೋರ್ನ ಬರಿಗೈಲಿ ಕಳ್ಸಕ್ಕಾಯ್ತದಾ ಸಾ? ತೀರಿಸ್ಬಿಟ್ವಿ," ಎಂದ ಬಯ್ಯಪ್ಪ.

ಆಗ ಫೋನು ಮತ್ತೆ ಬಡಿದುಕೊಂಡಿತು. ರಾಧಾಮಣಿ. ಮೇಷ್ಟ್ರು ಫೋನು ಎತ್ತದೆ ಹೆಸರನ್ನೇ ನೋಡುತ್ತಿರುವುದನ್ನು ಕಂಡು ಬಯ್ಯಪ್ಪನಿಗೆ ಕನಿಕರ ಉಕ್ಕಿತು.

"ನೀವ್ ಹೆದರ್ಕೊಬೇಡಿ ಸಾ. ಅಮ್ಮಾವ್ರಿಗೆ ನಾನೇ ಹೇಳ್ತೀನಿ," ಎಂದು ಫೋನು ತೆಗೆದುಕೊಂಡು ಸ್ಪೀಕರ್ ಒತ್ತಿದ.