ಎಚ್ಚರವಿರುವ ರೋಗಿಗಳ ಆಸೆಗೆ ಬಿದ್ದು

ಹೊಗಳಿಕೆ ಇಲ್ಲದೆ ಮನುಷ್ಯ ಬದುಕಬಲ್ಲ, ಆದರೆ ತಾನು ಚೆನ್ನಾಗಿ ಬಲ್ಲವರೇ ಎದುರಿಗೆ ಸಿಕ್ಕು ಗುರುತು ಹಿಡಿಯದೆ ಹೋದರೆ ಎದೆಯೊಳಗೆ ಚುರುಕ್ ಎನ್ನದೆ ಇರುವುದಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಹದಿನೆಂಟು ವರ್ಷ ನರ್ಸಾಗಿದ್ದವಳು ನಾನು. ನನ್ನ ಕಣ್ಣೆದುರು ಮಲಗಿ ಎದ್ದು ಹೋದವರು ಎಷ್ಟು ಮಂದಿಯೋ! ಅವರಲ್ಲಿ ಒಬ್ಬರೇ ಒಬ್ಬರೂ ರಸ್ತೆಯಲ್ಲಿ ಸಿಕ್ಕಾಗ "ಏನ್ ಸಿಸ್ಟರ್, ಚೆನ್ನಾಗಿದ್ದೀರಾ?" ಎಂದದ್ದಿಲ್ಲ. ತಪ್ಪು ಅವರದಲ್ಲ. ಅವರನ್ನು ಒಳಗೆ ತರುವ ಹೊತ್ತಿಗೆ ನಾನು ಟೋಪಿ, ಮಾಸ್ಕು, ಗೌನುಗಳಲ್ಲಿ ಮುಚ್ಚಿಹೋಗಿ ಎರಡು ಕಣ್ಣು ಮಾತ್ರ ಉಳಿದಿರುತ್ತೇನೆ. ಆ ಎರಡು ಕಣ್ಣನ್ನಾದರೂ ಅವರು ನೆಟ್ಟಗೆ ನೋಡುವಷ್ಟರಲ್ಲಿ ಅರಿವಳಿಕೆಯ ಡಾಕ್ಟರು ಮಲಗಿಸಿಬಿಟ್ಟಿರುತ್ತಾರೆ. ಎಚ್ಚರವಾದಾಗ ಅವರಿಗೆ ಕಾಣುವುದು ವಾರ್ಡಿನ ಸಿಸ್ಟರು, ನೆನಪಿನಲ್ಲಿ ಉಳಿಯುವುದು ಸರ್ಜನ್ನರ ಹೆಸರು. ಮಧ್ಯದಲ್ಲಿ ನಾನು ಎಲ್ಲಿಯೂ ಇಲ್ಲ.

ಒಮ್ಮೆ ಡ್ಯೂಟಿ ಮುಗಿಸಿ ಶ್ರೀರಾಂಪುರದ ಮನೆಗೆ ಹೋಗಲು ಬಸ್ಸು ಹತ್ತಿದೆ. ಕಾಲು ಬಾತುಕೊಂಡಿತ್ತು. ಹೆಂಗಸರ ಸೀಟಿನಲ್ಲಿ ಗಂಡಸೊಬ್ಬರು ಕೂತಿದ್ದರು. "ಸ್ವಲ್ಪ ಏಳ್ತೀರಾ ಸರ್?" ಎಂದೆ. "ಆಪರೇಷನ್ ಆಗಿದೆ ಕಣಮ್ಮ. ಆ ನೋವು ನಿಮ್ಗೇನ್ ಗೊತ್ತು?" ಎಂದು ಮುಖ ತಿರುಗಿಸಿದರು. ಆಗ ಗುರುತಾಯಿತು. ಒಂದು ತಿಂಗಳ ಹಿಂದೆ ಅವರ ಪಿತ್ತಕೋಶ ತೆಗೆದಾಗ ಅದರೊಳಗಿದ್ದ ಮೂರು ಕಲ್ಲನ್ನು ಟ್ರೇಯಲ್ಲಿ ಹಿಡಿದವಳೇ ನಾನು. ಅವರ ಹೆಂಡತಿಯೂ ನೋಡಿರದ ಭಾಗಗಳನ್ನು ನೋಡಿದ್ದೇನೆ. ಹಾಗೆಂದು ತುಂಬಿದ ಬಸ್ಸಿನಲ್ಲಿ ಹೇಳಿಕೊಳ್ಳಲಾದೀತೆ? ಕಂಬಿ ಹಿಡಿದುಕೊಂಡು ಶ್ರೀರಾಂಪುರದವರೆಗೂ ನಿಂತೇ ಬಂದೆ. ನನ್ನ ಜೊತೆ ಓದಿದ ಜಯಶೀಲ ಹೆರಿಗೆ ವಾರ್ಡಿನಲ್ಲಿದ್ದಾಳೆ. ಅವಳ ಜೊತೆ ಮಾರ್ಕೆಟ್ಟಿಗೆ ಹೋಗುವುದೆಂದರೆ ಮಂತ್ರಿಗಳ ಜೊತೆ ಹೋದಂತೆ. ಹೆಜ್ಜೆಗೊಬ್ಬರು ನಿಲ್ಲಿಸಿ ಮಕ್ಕಳನ್ನು ತೋರಿಸುತ್ತಾರೆ, ಹೂವಿನವಳು ಮೊಳ ಅಳೆಯುವಾಗ ಕೈ ಸಡಿಲ ಬಿಡುತ್ತಾಳೆ. ನಾನು ಪಕ್ಕದಲ್ಲಿ ಅವಳ ಚೀಲ ಹಿಡಿದುಕೊಂಡು ನಿಂತಿರುತ್ತೇನೆ.

ಹೀಗಿರುವಾಗ ನನ್ನ ಕಾಲಿನ ನರಗಳು ನನ್ನ ಪರವಾಗಿ ಮುಷ್ಕರ ಹೂಡಿದವು. ಹದಿನೆಂಟು ವರ್ಷ ನಿಂತೇ ದುಡಿದ ಕಾಲು, ಮೀನಖಂಡದಲ್ಲೆಲ್ಲ ನೀಲಿ ಗಂಟು. ನಮ್ಮ ಸರ್ಜನ್ನರೇ ನೋಡಿ "ಇನ್ನು ಗಂಟೆಗಟ್ಟಲೆ ನಿಲ್ಲೋದು ಸಾಕು ಸುಧಾಮಣಿ" ಎಂದರು. ಮೇಲಿನವರು ನನ್ನ ಮುಂದೆ ಎರಡು ದಾರಿ ಇಟ್ಟರು. ಒಂದು, ನೆಲಮಾಳಿಗೆಯ ಸ್ಟೋರಿನಲ್ಲಿ ಕೂತು ಹತ್ತಿ, ಬಟ್ಟೆಗಳನ್ನು ಕೊಡುವುದು. ಇನ್ನೊಂದು, ಡಯಾಲಿಸಿಸ್ ವಿಭಾಗದಲ್ಲಿ ಖಾಲಿಯಿದ್ದ ಒಂದು ಜಾಗ. ಅಲ್ಲಿ ಓಡಾಟವಿದ್ದರೂ ಒಂದೇ ಕಡೆ ನಿಲ್ಲುವ ಕೆಲಸವಲ್ಲ. ಮೂತ್ರಪಿಂಡ ಕೆಟ್ಟವರು ವಾರಕ್ಕೆ ಮೂರು ಸಲ ಬಂದು ನಾಲ್ಕು ಗಂಟೆ ಮಲಗಿ ರಕ್ತ ಶುದ್ಧಿ ಮಾಡಿಸಿಕೊಳ್ಳುತ್ತಾರೆ, ಅದೂ ಕಣ್ಣು ಬಿಟ್ಟುಕೊಂಡು! ವರ್ಷಗಟ್ಟಲೆ ಅದೇ ಮುಖಗಳು. ಕೇಳಿದ ಕೂಡಲೇ ನನ್ನ ಮನಸ್ಸು ಅಲ್ಲಿಗೆ ಹಾರಿತು. ಆದರೆ ಸ್ಟೋರಿಗೆ ಯಾವ ಪರೀಕ್ಷೆಯೂ ಇರಲಿಲ್ಲ, ಡಯಾಲಿಸಿಸ್ಸಿಗೆ ಸಂದರ್ಶನವಿತ್ತು. ಅರ್ಜಿ ಹಾಕಿದ ಇನ್ನಿಬ್ಬರು ಆ ಯಂತ್ರದ ಮೇಲೆ ತರಬೇತಿಯನ್ನೇ ಪಡೆದ ಹುಡುಗಿಯರು. ನಾನು ಆ ಯಂತ್ರವನ್ನು ಬಾಗಿಲ ಗಾಜಿನಿಂದಾಚೆ ನೋಡಿದವಳು.

ಮನೆಯಲ್ಲಿ ತಯಾರಿ ಶುರುವಾಯಿತು. ಮಗಳು ಮೊಬೈಲಿನಿಂದ ಪ್ರಶ್ನೋತ್ತರಗಳ ಪಟ್ಟಿ ಇಳಿಸಿಕೊಟ್ಟಳು. ಗಂಡ ಸಿದ್ದರಾಜು ಪ್ರಶ್ನೆ ಕೇಳುತ್ತೇನೆಂದು ಠೀವಿಯಿಂದ ಕುರ್ಚಿಯಲ್ಲಿ ಕೂತವರು ಎರಡನೆಯ ಪ್ರಶ್ನೆಗೇ ಗೊರಕೆ ಹೊಡೆದರು. ಕೊನೆಗೆ ಆ ಜವಾಬ್ದಾರಿ ಅವರ ತಾಯಿ, ನಮ್ಮತ್ತೆ ಚಿಕ್ಕತಾಯಮ್ಮನವರ ಪಾಲಿಗೆ ಬಂತು. ಅತ್ತೆ ತಿ. ನರಸೀಪುರದ ಕಡೆಯ ಹಳ್ಳಿಯಿಂದ ಬಂದು, ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ನಿವೃತ್ತಿಯವರೆಗೂ ಅಡುಗೆ ಮಾಡಿದವರು. ಓದು ಕಡಿಮೆ, ಆದರೆ ಎದುರಿಗಿರುವವರ ಹೊಟ್ಟೆಯಲ್ಲಿ ಏನಿದೆ ಎಂದು ಮುಖ ನೋಡಿಯೇ ಹೇಳುತ್ತಾರೆ. ಮಗಳು ಪ್ರಶ್ನೆ ಓದುವುದು, ನಾನು ಉತ್ತರಿಸುವುದು, ಅತ್ತೆ ಅವರೇಕಾಯಿ ಸುಲಿಯುತ್ತ ತೀರ್ಪು ಕೊಡುವುದು ಎಂದಾಯಿತು.

"ಈ ವಿಭಾಗಕ್ಕೆ ಏಕೆ ಬರಲು ಬಯಸುತ್ತೀರಿ?" ಎಂದು ಮಗಳು ಓದಿದಳು. ನಾನು ಕಣ್ಣು ಮುಚ್ಚಿ, "ನನ್ನ ವೃತ್ತಿಪರ ಬೆಳವಣಿಗೆಗಾಗಿ" ಎಂದೆ.

"ಬೆಳೆಯಕ್ಕೆ ನೀನೇನು ದಂಟಿನ ಸೊಪ್ಪಾ?" ಎಂದರು ಅತ್ತೆ. "ಕಾಲು ನೋಯ್ತದೆ, ನಿಂತ್ಕಳಕ್ಕಾಗಕಿಲ್ಲ ಅನ್ನು, ಮುಗೀತು."

"ಅಂಗೆಲ್ಲ ಅನ್ಬಾರ್ದಂತೆ ಅಜ್ಜಿ" ಎಂದ ಮಗಳು ಮುಂದಿನ ಪ್ರಶ್ನೆಗೆ ಹೋದಳು: "ನಿಮ್ಮ ದೌರ್ಬಲ್ಯವೇನು?"

"ನಾನು ಅತಿಯಾಗಿ ದುಡಿಯುತ್ತೇನೆ."

ಅತ್ತೆ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಎಲ್ಲವ್ವ? ಆಸ್ಪತ್ರೇಲೋ, ಮನೇಲೋ?" ಎಂದು ಕೇಳಿದವರೇ ನಗಲು ಶುರುಮಾಡಿದರು. ನಕ್ಕ ರಭಸಕ್ಕೆ ಮೊರದಲ್ಲಿದ್ದ ಕಾಳು ನೆಲಕ್ಕೆ ಬಿತ್ತು. ಹೆಕ್ಕುವ ಕೆಲಸ ಅತಿಯಾಗಿ ದುಡಿಯುವವಳಿಗೇ ಬಂತು. ನಾನು ನೆಲದಲ್ಲಿ ಕೂತು ಕಾಳು ಹೆಕ್ಕುತ್ತಿರುವಾಗ ಅತ್ತೆ ನಗು ನಿಲ್ಲಿಸಿ, ಏನೋ ನೆನೆಸಿಕೊಂಡವರಂತೆ ಹಾಸ್ಟೆಲಿನ ಕಥೆ ಹೇಳಿದರು. ಮನೆ ನೆನೆದು ಊಟ ಬಿಟ್ಟ ಹುಡುಗಿಯರನ್ನು ವಾರ್ಡನ್ನು ಅಡುಗೆಮನೆಗೆ ಕಳಿಸುತ್ತಿದ್ದರಂತೆ. "ಅಂಥೋರ್ಗೆ ಉಣ್ಣು ಅನ್ಬಾರ್ದು ಕಣವ್ವ. ಬಾ, ಇಲ್ಲಿ ಕೂತ್ಕ, ಎಲ್ಡು ಕಟ್ಟು ಸೊಪ್ಪು ಬುಡಿಸ್ಕೊಡು ಅನ್ಬೇಕು. ಕೂತ್ಕಂಡ್ರೆ ಬಾಯಿ ಬುಡ್ತಾರೆ. ಅಳೋದೆಲ್ಲ ಆಚೆ ಬಂದ್ಮೇಲೆ ಅನ್ನ ತಾನಾಗೇ ಒಳಕ್ಕೋಯ್ತದೆ" ಎಂದರು. ಮಗಳ ಪಟ್ಟಿಯಲ್ಲಿ ಇದು ಇರಲಿಲ್ಲವಾದ್ದರಿಂದ ನಾನು ಅಷ್ಟಾಗಿ ಕಿವಿಗೊಡಲಿಲ್ಲ.

ಸಂದರ್ಶನದ ದಿನ ಬಂತು. ಮೇಜಿನಾಚೆ ಇಬ್ಬರು. ಒಬ್ಬರು ನರ್ಸಿಂಗ್ ಸೂಪರಿಂಟೆಂಡೆಂಟ್, ನಾವೆಲ್ಲ ಈಗಲೂ ಮೇಟ್ರನ್ ಎಂದೇ ಕರೆಯುವ ಬಿಗಿ ಮುಖದ ಹೆಂಗಸು. ಇನ್ನೊಬ್ಬರು ಮೂತ್ರಪಿಂಡದ ಡಾಕ್ಟರು. ನಾನು ಕುರ್ಚಿಯಲ್ಲಿ ಕೂತೆ. ಮೇಟ್ರನ್ ನನ್ನನ್ನೇ ವಿಚಿತ್ರವಾಗಿ ನೋಡಿ, "ಕೈ ಇಳಿಸಿ ಸಿಸ್ಟರ್" ಎಂದರು. ನೋಡಿಕೊಂಡರೆ ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿ, ಏನನ್ನೂ ಮುಟ್ಟದಂತೆ ಹಿಡಿದು ಕೂತಿದ್ದೇನೆ! ಥಿಯೇಟರಿನಲ್ಲಿ ಕೈ ತೊಳೆದ ಮೇಲೆ ಹಾಗೇ ಇರಬೇಕು. ಹದಿನೆಂಟು ವರ್ಷದ ಅಭ್ಯಾಸ, ಸೀರೆ ಉಟ್ಟರೂ ಹೋಗಿರಲಿಲ್ಲ. ಕೈ ಇಳಿಸಿದೆ. ಅಷ್ಟರಲ್ಲಿ ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ನನ್ನ ಕಡೆಗೆ ಅಂಗೈ ಚಾಚಿದರು.

ಇಲ್ಲಿ ನಮ್ಮ ಕಸುಬಿನ ಒಂದು ವಿಷಯ ಹೇಳಬೇಕು. ಸರ್ಜನ್ ಗಾಯದಿಂದ ಕಣ್ಣು ಕೀಳದೆ ಅಂಗೈ ಚಾಚುತ್ತಾರೆ. ಬೇಕಾದ ಸಲಕರಣೆಯನ್ನು ನಾವು ಆ ಅಂಗೈಗೆ ಪಟ್ ಎಂದು ಹೊಡೆದಂತೆ ಇಡಬೇಕು. ಮೆಲ್ಲಗೆ ಇಟ್ಟರೆ ಕೈಗೆ ಬಂತೋ ಇಲ್ಲವೋ ಎಂದು ಅವರು ಕಣ್ಣೆತ್ತಿ ನೋಡಬೇಕಾಗುತ್ತದೆ, ನಮಗೆ ಬೈಗುಳ ಬೀಳುತ್ತದೆ. ಹೊಸದಾಗಿ ಸೇರಿದಾಗ ನಾನು ಮೆಲ್ಲಗೆ ಇಟ್ಟು ಎಷ್ಟೋ ಬೈಸಿಕೊಂಡಿದ್ದೇನೆ. ಆಮೇಲೆ ಕಲಿತದ್ದನ್ನು ಮರೆತಿಲ್ಲ. ಚಾಚಿದ ಅಂಗೈ ಕಂಡಿತು. ನನ್ನ ತಲೆ ಯೋಚಿಸುವ ಮೊದಲೇ ಕೈ ಕೆಲಸ ಮಾಡಿತು. ಮಡಿಲಲ್ಲಿದ್ದ ಸರ್ಟಿಫಿಕೇಟುಗಳ ದಪ್ಪ ಫೈಲನ್ನು ಸುರುಳಿ ಸುತ್ತಿ, ಫಟಾರ್ ಎಂದು ಅಂಗೈಗೆ ಬಾರಿಸಿದೆ. ಡಾಕ್ಟರು "ಅಮ್ಮಾ!" ಎಂದು ಕೂಗಿ ಕೈ ಕೊಡವಿದರು. ಫೈಲು ಬಿಚ್ಚಿಕೊಂಡು ಎಸ್ಸೆಸ್ಸೆಲ್ಸಿಯಿಂದ ಹಿಡಿದು ಅನುಭವ ಪತ್ರದವರೆಗೆ ನನ್ನ ಜೀವನವೆಲ್ಲ ನೆಲದ ಮೇಲೆ ಹರಡಿತು. ನಾನು ಬಗ್ಗಿ ಆರಿಸಿ ಡಾಕ್ಟರ ಮುಂದಿಡುತ್ತಿದ್ದಾಗ ನೆಲಮಾಳಿಗೆಯ ಹತ್ತಿ ಮೂಟೆಗಳು ಕಣ್ಣ ಮುಂದೆ ಬಂದವು.

ಆಮೇಲೆ ಡಾಕ್ಟರು ಎಡಗೈಯಲ್ಲಿ ಬಲಗೈ ಉಜ್ಜಿಕೊಳ್ಳುತ್ತ ಪ್ರಶ್ನೆ ಕೇಳಿದರು. ಪೊಟ್ಯಾಸಿಯಂ ಏರಿದರೆ ಏನಾಗುತ್ತದೆ? ಹೃದಯಕ್ಕೇ ಅಪಾಯ ಎಂದೆ. ಡಯಾಲಿಸಿಸ್ಸಿಗಾಗಿ ರಕ್ತನಾಳ ಜೋಡಿಸಿದ ಕೈಯಲ್ಲಿ ಬಿಪಿ ನೋಡಬಹುದೆ? ಕೂಡದು ಎಂದೆ. ಯಂತ್ರ ಇಂಥಿಂಥ ರೀತಿ ಕೂಗಿಕೊಂಡರೆ ಮೊದಲು ಏನು ಮಾಡುತ್ತೀರಿ? ಇದಕ್ಕೆ ಪಟ್ಟಿಯಲ್ಲಿ ಉತ್ತರವಿರಲಿಲ್ಲ. "ಗೊತ್ತಿಲ್ಲ ಸರ್. ಗೊತ್ತಿರೋರನ್ನ ಕೂಗ್ತೀನಿ, ಆಮೇಲೆ ಕಲೀತೀನಿ" ಎಂದೆ. ಅವರು ಏನೋ ಬರೆದುಕೊಂಡರು. ಮೇಟ್ರನ್ ಕೇಳಿದರು: "ಈ ವಿಭಾಗಕ್ಕೇ ಯಾಕೆ ಬರ್ಬೇಕು ಅನ್ಸುತ್ತೆ ನಿಮ್ಗೆ?" ವೃತ್ತಿಪರ ಬೆಳವಣಿಗೆ ಎಂಬುದು ನಾಲಿಗೆಯ ತುದಿಗೆ ಬಂತು, ಜೊತೆಗೇ ಅತ್ತೆಯ ದಂಟಿನ ಸೊಪ್ಪೂ ಬಂತು. ಬಾಯಿ ತಪ್ಪಿ ನಿಜ ಹೇಳಿಬಿಟ್ಟೆ. "ಕಾಲು ನೋವು ಮೇಡಂ. ಅದು ಬಿಟ್ರೆ... ಹದಿನೆಂಟು ವರ್ಷ ಆಯ್ತು, ಒಬ್ಬ ಪೇಷಂಟೂ ನನ್ನ ಗುರುತು ಹಿಡಿಯಲ್ಲ." ಹೇಳಿದ ಮೇಲೆ ನಾಚಿಕೆಯಾಯಿತು.

ಮೇಟ್ರನ್ ಪೆನ್ನು ಕೆಳಗಿಟ್ಟರು. "ಸರಿ. ನಾನೇ ಪೇಷಂಟು ಅಂದ್ಕೊಳ್ಳಿ. ಇವತ್ತು ಡಯಾಲಿಸಿಸ್ ಬೇಡ, ಮನೆಗೆ ಹೋಗ್ತೀನಿ ಅಂತಿದ್ದೀನಿ. ಮಾತಾಡಿ."

ಮಾತಾಡಿ ಎಂದರೆ? ಇಷ್ಟು ವರ್ಷ ನಾನು ರೋಗಿಗಳ ಜೊತೆ ಆಡಿದ ಮಾತು ಒಟ್ಟು ನಾಲ್ಕು: ಹೆಸರೇನು, ಯಾವ ಆಪರೇಷನ್ನು, ಊಟ ಮಾಡಿಲ್ಲ ತಾನೆ, ಕಟ್ಟಿಸಿದ ಹಲ್ಲು ಇದೆಯೆ. ಅಷ್ಟರಲ್ಲಿ ಅವರು ನಿದ್ದೆ ಹೋಗುತ್ತಾರೆ, ನನ್ನ ಸಂಭಾಷಣೆ ಮುಗಿಯುತ್ತದೆ. ಗಾಬರಿಯಲ್ಲಿ ಕೊನೆಯದೇ ಮೊದಲು ಬಂತು. "ಕಟ್ಟಿಸಿದ ಹಲ್ಲು ಇದ್ರೆ ತೆಗೆದಿಡಿ" ಎಂದೆ. ಮೇಟ್ರನ್ ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದರು. "ನಿಮ್ಗೆ ಹೇಗೆ ಗೊತ್ತಾಯ್ತು?" ಎಂದರು ಬೆರಳುಗಳ ಸಂದಿಯಿಂದ. ಡಾಕ್ಟರು ಕಿಟಕಿಯ ಕಡೆ ತಿರುಗಿಕೊಂಡರು. ಅವರ ಹೆಗಲು ಕುಲುಕುತ್ತಿತ್ತು. ಇಷ್ಟಾದ ಮೇಲೆ ಕಳೆದುಕೊಳ್ಳಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಹಾಗಾದಾಗ ಮನುಷ್ಯನಿಗೆ ಮನೆಯವರ ನೆನಪಾಗುತ್ತದೆ.

"ಆಯ್ತು ಬುಡೀಮ್ಮ, ಬೇಡ" ಎಂದೆ. ನನ್ನ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ. "ಅಷ್ಟು ದೂರದಿಂದ ಬಂದಿದ್ದೀರಿ, ಒಂದೈದು ನಿಮಿಷ ಕೂತ್ಕೊಂಡು ಹೋಗಿ. ಯಾವ ಬಸ್ಸಲ್ಲಿ ಬಂದ್ರಿ?"

"ಬಸ್ಸಲ್ಲ. ಮಗಳು ಗಾಡೀಲಿ ಬಿಟ್ಟು ಹೋದ್ಲು."

"ಪುಣ್ಯ ಮಾಡಿದ್ದೀರಿ. ಕೆಲಸಕ್ಕೆ ಹೋಗ್ತಾರಾ?"

"ಹೋಗ್ತಾಳೆ. ವಾರಕ್ಕೆ ಮೂರು ದಿನ ಅರ್ಧ ರಜೆ ಹಾಕ್ತಾಳೆ ನನ್ನಿಂದ" ಎಂದರು ಮೇಟ್ರನ್. ಅವರ ದನಿ ಬದಲಾಗಿತ್ತು. "ಎಷ್ಟು ದಿನಾಂತ ಅವಳಿಗೆ ಹೊರೆಯಾಗಿರ್ಲಿ? ಸಾಕು."

ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ನಾಡಿ ನೋಡಲೋ, ಸಮಾಧಾನಕ್ಕೋ, ನನಗೇ ತಿಳಿಯದು. "ಇವತ್ತೂ ರಜೆ ಹಾಕಿ ಕರ್ಕೊಂಡು ಬಂದ್ಲಲ್ಲಮ್ಮ. ನೀವು ಹಂಗೇ ಎದ್ದು ಹೋದ್ರೆ ಅವಳ ರಜೇನೂ ಹಾಳು, ಮನಸ್ಸೂ ಹಾಳು. ಅವಳಿಗೆ ನೀವು ಬೇಕು ಅಂತ ತಾನೆ ಇಷ್ಟೆಲ್ಲ ಓಡಾಡೋದು? ಬನ್ನಿ, ಮೊದಲು ತೂಕ ನೋಡೋಣ" ಎಂದೆ. ಮೇಟ್ರನ್ ಕೈ ಬಿಡಿಸಿಕೊಂಡು ಕನ್ನಡಕ ಒರೆಸಿದರು. ಹೋದ ವಾರ ಇದೇ ಮಾತು ಹೇಳಿ ಒಬ್ಬ ರೋಗಿ ನಿಜವಾಗಿಯೂ ಎದ್ದು ಹೋಗಿದ್ದರಂತೆ, ಕರೆತರಲು ಮೇಟ್ರನ್ನೇ ಅವರ ಮನೆಗೆ ಹೋಗಬೇಕಾಯಿತಂತೆ. "ಯಂತ್ರ ಮೂರು ತಿಂಗಳಲ್ಲಿ ಕಲಿಸ್ಬಹುದು" ಎಂದು ಡಾಕ್ಟರ ಕಡೆ ನೋಡಿದರು. "ಇದನ್ನ ಹೇಗೆ ಕಲಿಸೋದು?" ಡಾಕ್ಟರು ಒಪ್ಪಿ ಫೈಲನ್ನು ಹಿಂದಿರುಗಿಸಿದರು. ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟು, ಬೆರಳ ತುದಿಯಿಂದ ನನ್ನ ಕಡೆಗೆ ನೂಕಿದರು.

ಈಗ ಡಯಾಲಿಸಿಸ್ಸಿಗೆ ಬಂದು ಎಂಟು ತಿಂಗಳು. ನನ್ನ ರೋಗಿಗಳಿಗೆ ನನ್ನ ಹೆಸರು ಗೊತ್ತು, ನನ್ನ ಮಗಳ ಮಾರ್ಕ್ಸು ಗೊತ್ತು, ಅತ್ತೆಯ ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದೆಂಬುದೂ ಗೊತ್ತು. ಅವರಲ್ಲಿ ರಾಜೀವನಗರದ ಶಿವಮಲ್ಲಪ್ಪನವರೆಂದರೆ ನನಗೆ ಒಂದು ಕೈ ಹೆಚ್ಚು ಪ್ರೀತಿ. ಅಕ್ಕಿ ವ್ಯಾಪಾರ ಮಾಡಿ ಈಗ ಅಂಗಡಿಯನ್ನು ಸೊಸೆಗೆ ಬಿಟ್ಟುಕೊಟ್ಟ ಹಿರಿಯರು. ಕಳೆದ ಭಾನುವಾರ ರಾಮಕೃಷ್ಣನಗರದ ರಸ್ತೆಯಲ್ಲಿ ಹೋಗುತ್ತಿದ್ದೆ. ಎಳನೀರಿನ ಗಾಡಿಯ ಬಳಿ ಶಿವಮಲ್ಲಪ್ಪನವರು ನಿಂತಿದ್ದಾರೆ, ಕೈಯಲ್ಲಿ ಎಳನೀರು! ಅದರ ತುಂಬ ಪೊಟ್ಯಾಸಿಯಂ. ಅವರ ಪಾಲಿಗೆ ಅದು ವಿಷವೆಂದು ಬಿಡಿಸಿ ಬಿಡಿಸಿ ಹೇಳಿದ್ದೇನೆ. ನನ್ನನ್ನು ಕಂಡವರೇ ಅರಗಳಿಗೆ ಪೆಚ್ಚಾಗಿ, ಮರುಕ್ಷಣವೇ ರಸ್ತೆಗೆಲ್ಲ ಕೇಳುವಂತೆ, "ಓಹೋ, ಸುಧಾಮಣಿ ಸಿಸ್ಟರು! ಬನ್ನಿ ಬನ್ನಿ, ನೀವ್ ಬರೋದ್ ಕಂಡೇ ಕೊಚ್ಚಿಸ್ದೆ, ತಕ್ಕಳಿ!" ಎಂದು ನನ್ನ ಕೈಗಿತ್ತರು. ಹೊಸ ಸ್ಟ್ರಾ ಹಾಕಿಸಿದರು. ಬೈಯಬೇಕಿತ್ತು. ಆದರೆ ನಡುರಸ್ತೆಯಲ್ಲಿ, ಹತ್ತು ಜನರ ಎದುರು, ಒಬ್ಬ ರೋಗಿ ನನ್ನನ್ನು ಹೆಸರು ಹಿಡಿದು ಕರೆದಿದ್ದರು. ಆ ಸಂತೋಷದಲ್ಲಿ ಬೈಗುಳವೆಲ್ಲ ಮರೆತು, ಉಳಿದಷ್ಟನ್ನೂ ಕುಡಿದು, ಥ್ಯಾಂಕ್ಸ್ ಬೇರೆ ಹೇಳಿ ಬಂದೆ.

ಸೋಮವಾರ ಅವರ ತೂಕ ನೋಡಿದರೆ ಏರಿತ್ತು. ರಕ್ತ ಪರೀಕ್ಷೆಗೆ ಕಳಿಸಿ, ಈಗ ಬಿಡಬಾರದೆಂದು ನಿಷ್ಠುರ ಮುಖ ಮಾಡಿ, "ಏನೇನ್ ಕುಡಿದ್ರಿ, ನಿಜ ಹೇಳಿ" ಎಂದು ಗದರಿದೆ. ಮೇಟ್ರನ್ ಬಾಗಿಲಿಗೆ ಬಂದು ನಿಂತಿದ್ದನ್ನು ನಾನು ನೋಡಿರಲಿಲ್ಲ. ಶಿವಮಲ್ಲಪ್ಪನವರು ಸಾಲಾಗಿ ಮಲಗಿದ್ದವರಿಗೆಲ್ಲ ಕೇಳಿಸುವಂತೆ ಹೇಳಿದರು: "ನಾನೆಲ್ಲಿ ಕುಡುದ್ನವ್ವ? ಒಂದ್ ಗುಟುಕು ಹೀರಿದ್ನೋ ಇಲ್ವೋ, ಎಳನೀರೆಲ್ಲ ನೀವೇ ಕುಡುದ್ಬುಟ್ರಲ್ಲ!" ವಾರ್ಡಿಗೆ ವಾರ್ಡೇ ನಕ್ಕಿತು. ನನ್ನ ಆಸೆ ಪೂರ್ತಿ ಈಡೇರಿತ್ತು. ಅಲ್ಲಿದ್ದವರೆಲ್ಲ ನನ್ನನ್ನು ಚೆನ್ನಾಗಿ ಗುರುತು ಹಿಡಿದಿದ್ದರು. ಅರಿವಳಿಕೆಯ ಡಾಕ್ಟರು ಎಷ್ಟು ಒಳ್ಳೆಯವರೆಂದು ನನಗೆ ಮೊದಲ ಸಲ ಅನ್ನಿಸಿದ್ದು ಆಗಲೇ.