ಮಾತಾಡಬಾರದ ಅಂಗಡಿಯಲ್ಲಿ ನಮ್ಮ ಭಾವ

ನಮ್ಮ ಭಾವನನ್ನು ಸುಮ್ಮನಿರಿಸುವುದು ಯಾರಿಂದಲೂ ಆಗದು ಎಂದೇ ನಾನು ನಂಬಿದ್ದೆ. ಆ ಶನಿವಾರವೂ ಅವರು ಒಸಾಕಾದ ಕಾಫಿ ಅಂಗಡಿಯಲ್ಲಿ ಬೈಸಿಕೊಂಡರು. ಆ ಹೊಸ ಸೋಂಕುರೋಗದ ಸುದ್ದಿ ಇನ್ನೂ ಟೀವಿಯೊಳಗೇ ಇತ್ತು. ಆಗ ಅದೇ ಊರಲ್ಲಿದ್ದ ನಾನೂ ಅವರೂ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿದ್ದೆವು.

ಅದು ಹಳೆಯ ರೆಕಾರ್ಡು ಕೇಳಲೆಂದೇ ಇರುವ ಅಂಗಡಿ. ಒಳಗೆ ಮಾತು ನಿಷಿದ್ಧ. ಯಾರಾದರೂ ಬಾಯಿ ತೆರೆದರೆ ಮಾಲೀಕರಾದ ಮೊರಿ ಸಾನ್ ‘ದಯವಿಟ್ಟು ಮೌನ’ ಎಂದು ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟು ತಲೆಬಾಗುತ್ತಿದ್ದರು. ಭಾವ ‘ಸುಮಿಮಾಸೆನ್’ ಎಂದು ಕ್ಷಮೆ ಕೇಳಿ, ಆ ಬಾಯಲ್ಲೇ ಮಾತು ಮುಂದುವರಿಸುತ್ತಿದ್ದರು. ಜಪಾನಿನಲ್ಲಿ ಇದಕ್ಕಿಂತ ದೊಡ್ಡ ಅಪರಾಧ ಉಂಟೆ?

ಅವರ ಮಾತೆಲ್ಲ ಅಮೆರಿಕದ ಒಂದೇ ಒಂದು ಹಳೆಯ ರಾಕ್ ಬ್ಯಾಂಡಿನದು. ವಿಶ್ವವಿದ್ಯಾಲಯದಲ್ಲಿ ಅವರದು ತುಕ್ಕಿನ ಮೇಲೆ ಸಂಶೋಧನೆ. ತುಕ್ಕಿನ ಬಗ್ಗೆ ಅವರ ಬಾಯಿಂದ ನಾವು ಒಂದು ಮಾತೂ ಕೇಳಲಿಲ್ಲ. ಅಕ್ಕನನ್ನು ನೋಡಲು ಮೈಸೂರಿಗೆ ಬಂದಾಗ ಅಪ್ಪ ಕೆಲಸದ ವಿಚಾರ ಕೇಳಿದರೆ ಈ ಬ್ಯಾಂಡಿನ ಕತೆ ತೆಗೆದರು. ಮುಕ್ಕಾಲು ಗಂಟೆಯ ನಂತರ ಅಪ್ಪ ಒಳಗೆ ಬಂದು ಅಮ್ಮನಿಗೆ, “ಹುಡುಗನಿಗೆ ಬೇರೆ ಚಟಕ್ಕೆ ಟೈಮೇ ಇಲ್ಲ ಕಣೆ, ಒಪ್ಕೊಳೋಣ” ಎಂದರು.

ಆ ಶನಿವಾರವೂ ಆ ಬ್ಯಾಂಡಿನ ರೆಕಾರ್ಡು ಹಾಕಿಸಿಕೊಂಡು ಭಾವ ಶುರುಮಾಡಿದರು: “ಲೋ, ರಾಕ್ ಅಂದ್ರೆ ಪೇಟೆ ಹುಡುಗರ ಗಲಾಟೆ. ಕಂಟ್ರಿ ಅಂದ್ರೆ ಅಮೆರಿಕದ ಹಳ್ಳಿಯವರ ಹಾಡು. ಒಬ್ರ ಮುಖ ಒಬ್ರು ನೋಡ್ತಿರ್ಲಿಲ್ಲ. ಈ ಉದ್ದಕೂದಲಿನವರು ಹೋಗಿ ಹಳ್ಳಿಯವರ ಸ್ಟೀಲ್ ಗಿಟಾರ್ ತಂದು ಮಧ್ಯೆ ಕೂರಿಸಿದ್ರು ನೋಡು.”

“ಆಮೇಲೆ?”

“ಎರಡೂ ಕಡೆಯವರು ಬೈದ್ರು. ಹಿಂದೆ ಬಂದವರು ಅದೇ ದಾರೀಲಿ ಹೋಗಿ ಹೆಸರು ಮಾಡಿದ್ರು. ಕಂಟ್ರಿ-ರಾಕ್ ಅಂತ ಈಗ ಎಲ್ರೂ ಮೆರೆಸ್ತಾರೆ.”

“ಮದುವೆ ಮಾಡಿಸಿದವರಿಗೇ ಊಟ ಸಿಗ್ಲಿಲ್ಲ ಅನ್ನಿ.”

“ಹಾಗಲ್ಲ ಕಣೋ. ಮುಖ್ಯವಾದದ್ದು ಏನು ಅಂದ್ರೆ...”

ಚೀಟಿ ಬಂತು. ಪ್ರತಿ ಸಲವೂ ಮೂರನೆಯ ಹಾಡಿನ ಹೊತ್ತಿಗೆ, ಸರಿಯಾಗಿ ಅಲ್ಲಿಗೇ ಬರುತ್ತಿತ್ತು. ಹೊರಗೆ ಬಂದ ಮೇಲೆ ಹೇಳಿ ಎಂದರೆ, ಹಾಡಿಲ್ಲದೆ ಹೇಳಿದರೆ ಅರ್ಥವಾಗಲ್ಲ ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ನನಗೂ ಅದೇ ಅನುಕೂಲವಾಗಿತ್ತು.

ಮರುವಾರ ಅಂಗಡಿ ಮುಚ್ಚಿತು. ಆಮೇಲೆ ದೇಶಕ್ಕೆ ದೇಶವೇ ಮೊರಿ ಸಾನ್ ಅವರ ಅಂಗಡಿಯಾಯಿತು. ರೈಲಿನಲ್ಲಿ ಮಾತಾಡಬೇಡಿ, ಹೋಟೆಲಿನಲ್ಲಿ ಮಾತಾಡದೆ ತಿನ್ನಿ. “ನನ್ನೊಬ್ಬನ ಬಾಯಿಗೆ ಇಷ್ಟೊಂದು ಬೋರ್ಡಾ?” ಎಂದು ಭಾವ ಫೋನಿನಲ್ಲಿ ನಗುತ್ತಿದ್ದರು.

ಎರಡನೆಯ ವರ್ಷ ಅವರಿಗೇ ರೋಗ ತಗುಲಿತು. ಆಸ್ಪತ್ರೆಯೊಳಗೆ ಅಕ್ಕನನ್ನೂ ಬಿಡಲಿಲ್ಲ. ಒಂದು ಮಧ್ಯಾಹ್ನ ನನಗೆ ಫೋನು ಮಾಡಿದರು. ಮಾತಿಗಿಂತ ಉಸಿರೇ ಹೆಚ್ಚು ಕೇಳಿಸುತ್ತಿತ್ತು.

“ಲೋ, ಆ ಮೂರನೇ ಹಾಡು...”

“ಮಾತಾಡ್ಬೇಡಿ ಭಾವ. ವಾಸಿಯಾಗಿ ಬಂದು ಹೇಳಿ.”

“ಸರಿ,” ಎಂದರು. ಒಮ್ಮೆ ಹೇಳಿದ್ದಕ್ಕೇ ಅವರು ಸುಮ್ಮನಾದದ್ದು ಅದೊಂದೇ ಸಲ. ನಾಲ್ಕನೆಯ ದಿನ ಹೋದರು.

ಅಂಗಡಿ ಮತ್ತೆ ತೆರೆದಾಗ ಒಬ್ಬನೇ ಹೋದೆ. ಮೊರಿ ಸಾನ್ ನನ್ನ ಪಕ್ಕದ ಖಾಲಿ ಕುರ್ಚಿ ನೋಡಿದರು. ಇಲ್ಲವೆಂದು ತಲೆಯಾಡಿಸಿದೆ. ಅವರು ಭಾವನ ಆ ರೆಕಾರ್ಡನ್ನೇ ಹಾಕಿದರು. ಮೂರನೆಯ ಹಾಡಿಗೆ ಸ್ಟೀಲ್ ಗಿಟಾರ್ ಬಂದಾಗ ತಾವೇ ಸದ್ದು ತಗ್ಗಿಸಿ, ಚೀಟಿಯನ್ನು ಬೋರಲು ಹಾಕಿ, ಎದುರಿಗೆ ಕೂತರು. ಇಷ್ಟು ವರ್ಷ ನಿಮ್ಮ ಭಾವ ಇಲ್ಲಿ ಏನು ಹೇಳುತ್ತಿದ್ದರು ಎಂದು ಮೆಲ್ಲಗೆ ಕೇಳಿದರು.

ನನ್ನ ಹರಕು ಜಪಾನೀಸಿನಲ್ಲಿ ಹೇಳಿದೆ. ಪೇಟೆ, ಹಳ್ಳಿ, ಗಿಟಾರು, ಬೈಗುಳ, ಎಲ್ಲ ಹೇಳಿದೆ. ‘ಮುಖ್ಯವಾದದ್ದು ಏನೆಂದರೆ’ ಎಂಬಲ್ಲಿಗೆ ಬಂದು ನಿಂತೆ. ಮೊರಿ ಸಾನ್ ಕಾಯುತ್ತಿದ್ದರು.

ಅದರ ಮುಂದಿನದು ನನಗೆ ಗೊತ್ತಿಲ್ಲ.